ನಾನು ಬರೆಯದ ಕಿಲೋಮೀಟರುಗಳು

ಕಳೆದ ವಾರ ಹಲಸೂರಿನ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿನ ಬಾನೆಟ್ ಎತ್ತಿದಾಗ ಬಿಸಿ ರಬ್ಬರಿನ ವಾಸನೆ ಬಂತು. "ಟೈಮಿಂಗ್ ಬೆಲ್ಟ್ ಇನ್ನೂ ಸ್ವಲ್ಪ ದಿನ ಓಡತ್ತೆ ಮೇಡಂ, ಈಗ್ಲೇ ಹಾಕ್ಸ್ತೀರಾ?" ಎಂದು ಮೆಕ್ಯಾನಿಕ್ ಕೇಳಿದ. ಆ ವಾಸನೆಗೆ ನಾನು ಮತ್ತೆ ಹತ್ತು ವರ್ಷದವಳಾಗಿ, ಪೆನ್ಸಿಲ್ ಹಿಡಿದು, ಜೀವನ್ ಬಿಮಾ ನಗರದ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ಮನೆ ಈಗಿಲ್ಲ. ನಿಮಗೂ ಅಂಥದ್ದೊಂದು ಇದ್ದಿರಬಹುದು. ನಂದಿಬಟ್ಟಲ ಗಿಡದ ಕೆಳಗೆ ಅಪ್ಪನ ಬಿಳಿ ಕಾರು ನಿಲ್ಲುತ್ತಿತ್ತು. ಅದರ ಮೀಟರು ಕೆಟ್ಟು ಎಷ್ಟೋ ಕಾಲವಾಗಿತ್ತು. ಹಾಗಾಗಿ ಸಂಜೆ ಅಪ್ಪ ಶೂ ಬಿಚ್ಚುತ್ತ ಅಂದಾಜು ಮಾಡಿ, "ಇವತ್ತು ಇಪ್ಪತ್ತೆರಡು ಕಿಲೋಮೀಟರು, ಪುಟ್ಟಿ" ಎನ್ನುತ್ತಿದ್ದರು. ಬೆಲ್ಟ್, ಆಯಿಲ್ ಬದಲಿಸುವ ಹೊತ್ತು ತಿಳಿಯಲೆಂದು ಅದನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆಟದ ಗುಂಗಿನಲ್ಲಿ ವಾರಗಟ್ಟಲೆ ಬರೆಯದೆ "ಬರೆದೆ ಅಪ್ಪ" ಎಂದದ್ದೇ ಹೆಚ್ಚು.

ಕಾರನ್ನು ನೋಡಿಕೊಳ್ಳುತ್ತಿದ್ದವರು ಶಿವಾಜಿನಗರದಲ್ಲಿ ಅಂಗಡಿಯಿದ್ದ ಮೆಕ್ಯಾನಿಕ್ ಗೌಸ್ ಚಾಚಾ. ಭಾನುವಾರ ಮನೆಗೇ ಬಂದು, ಅಮ್ಮ ಕೊಟ್ಟ ಕಾಫಿಯನ್ನು ಜಗಲಿಯ ಮೇಲಿಟ್ಟು, ಕಣ್ಣುಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದರು. ಒಮ್ಮೆ ಕೋಲಾರದಲ್ಲಿ ಚಿಕ್ಕಮ್ಮನ ಮಗುವಿನ ನಾಮಕರಣಕ್ಕೆ ಕಾರಿನಲ್ಲಿ ಹೋಗುವುದಿತ್ತು. ಅದರ ಹಿಂದಿನ ದಿನ ಅವರು ತಲೆಯಾಡಿಸಿದರು. "ಬೆಲ್ಟ್ ಟೈಮ್ ಮುಗ್ದಿರ್ಬೇಕು ಸಾಬ್. ಎರಡು ದಿನ ಗಾಡಿ ನನ್ನ ಹತ್ರ ಬಿಡಿ. ಕಟ್ ಆದ್ರೆ ನಡು ರೋಡಲ್ಲಿ ನಿಂತ್ಬಿಡತ್ತೆ."

ಅಪ್ಪ ಪುಸ್ತಕ ತಂದು ಕಿಲೋಮೀಟರು ಕೂಡಿಸಿದರು. "ಬೆಲ್ಟ್ ಇನ್ನೂ ನಾಲ್ಕು ಸಾವಿರ ಓಡ್ಬೇಕಲ್ರೀ. ನನ್ನ ಮಗಳು ಬರ್ದಿರೋದು, ನಿಮ್ಮ ಕಿವಿಗಿಂತ ಕರೆಕ್ಟು."

ಚಾಚಾ ನಕ್ಕು ನನ್ನತ್ತ ನೋಡಿದರು. ನಾಮಕರಣ ತಪ್ಪೀತೆಂದು ನಾನು ಬಾಯಿಬಿಡಲಿಲ್ಲ.

ಮರುದಿನ ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಎಂಜಿನ್ ಒಮ್ಮೆಲೇ ಸತ್ತಿತು. ಹಿಂದಿನ ಸೀಟಿನಲ್ಲಿ, ಅಮ್ಮನ ಪಕ್ಕ ಮೊಣಕಾಲೂರಿ ಹಿಂಬದಿಯ ಗಾಜಿನಲ್ಲಿ ನೋಡುತ್ತಿದ್ದೆ. ಲಾರಿಯೊಂದರ ಮೂತಿ ದೊಡ್ಡದಾಗುತ್ತ ಗಾಜನ್ನೆಲ್ಲ ತುಂಬಿಕೊಂಡಿತು. ಅದರ ಬಂಪರಿಗೆ ಕಟ್ಟಿದ್ದ ಒಣ ಮೆಣಸಿನಕಾಯಿಗಳನ್ನು ಎಣಿಸಬಹುದಿತ್ತು. ಗೇಣು ದೂರದಲ್ಲಿ ಅದು ನಿಂತಿತು. ನನ್ನ ತಲೆಯೊಳಗೆ ಮಾತ್ರ ಇಂದಿಗೂ ನಿಂತಿಲ್ಲ.

ಮುಂದಿನ ಭಾನುವಾರ ಅಮ್ಮ ಕಾಫಿ ಲೋಟವನ್ನು ಜಗಲಿಯ ಮೇಲಿಡುವಷ್ಟರಲ್ಲಿ ಅಪ್ಪ ಚಾಚಾನ ಮೇಲೆ ರೇಗಿದರು. "ನಾಲ್ಕು ಸಾವಿರ ಬಾಕಿ ಇರೋ ಬೆಲ್ಟ್ ಹೇಗ್ರೀ ಹರಿಯತ್ತೆ? ಎಂಥ ಕಳಪೆ ಮಾಲು ಹಾಕಿದ್ರಿ? ನನ್ನ ಹೆಂಡ್ತಿ, ಮಗಳು ಇದ್ರು ಅದ್ರಲ್ಲಿ."

ಚಾಚಾ ಮತ್ತೊಮ್ಮೆ ನನ್ನತ್ತ ನೋಡಿದರು. ಪುಸ್ತಕದ ಲೆಕ್ಕ ಸುಳ್ಳೆಂದು ಅವರಿಗೆ ಗೊತ್ತಾಗಿತ್ತು. "ಬಚ್ಚಿ ಸಲಾಮತ್ ಇದಾಳಲ್ಲ ಸಾಬ್, ಮಗೂಗೆ ಏನೂ ಆಗ್ಲಿಲ್ವಲ್ಲ, ಅಷ್ಟು ಸಾಕು" ಎಂದು ಕಾಫಿ ಮುಟ್ಟದೆ ಹೊರಟುಹೋದರು. ಮತ್ತೆಂದೂ ಬರಲಿಲ್ಲ.

ಆಮೇಲೂ ಅಪ್ಪ ಪುಸ್ತಕವನ್ನು ನನ್ನ ಕೈಯಲ್ಲೇ ಬರೆಸಿದರು. ಕಾರು ಮಾರುವ ತನಕ ನಾನು ಒಂದು ದಿನವೂ ತಪ್ಪಿಸಲಿಲ್ಲ. ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸಿ ಹಿಗ್ಗುತ್ತಿದ್ದರು. ನಿಜವನ್ನು ಇಂದು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅವರೂ ಹೋದರು. ಚಾಚಾನ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅವರ ಹೆಸರು ಹೇಳಿದರೆ ಅಲ್ಲಿ ಯಾರಿಗೂ ಗೊತ್ತಿಲ್ಲ.

"ಬೆಲ್ಟ್ ಹಾಕಿಬಿಡಿ" ಎಂದೆ. ಎಷ್ಟು ಓಡಿದೆಯೆಂದು ನೋಡಲು ಮೆಕ್ಯಾನಿಕ್ ಮೀಟರಿನ ಕಡೆ ಬಗ್ಗಿದ. ನನಗೆ ಕಂಡದ್ದು ಜಗಲಿಯ ಮೇಲಿನ ಆ ಲೋಟ. ಚಾಚಾ ತಿರುಗಿ ಬಂದಾರೆಂದು ಅಮ್ಮ ಅದನ್ನು ಸಂಜೆಯ ತನಕ ಅಲ್ಲೇ ಬಿಟ್ಟಿದ್ದಳು. ಕೆನೆಗಟ್ಟಿದ್ದ ಕಾಫಿಯನ್ನು ಕೊನೆಗೆ ನಂದಿಬಟ್ಟಲ ಬುಡಕ್ಕೆ ಚೆಲ್ಲಿ, ಲೋಟ ತೊಳೆದಿಟ್ಟವಳು ನಾನು.