ತಮ್ಮ ಲೇಖನವನ್ನು ಉಲ್ಲೇಖಿಸಬೇಡಿ ಎನ್ನುವ ಎಡಬಲ ಮೇಡಂ

ಕಸ ಗುಡಿಸುವವರು ಇನ್ನೂ ಕಾರಿಡಾರಿಗೆ ಬಂದಿಲ್ಲ. ಮಿದುಳು ಸಂಶೋಧನೆಯ ಲ್ಯಾಬಿನಲ್ಲಿ ಕೊನೆಯ ಕೋಣೆಯ ದೀಪ ಮಾತ್ರ ಹತ್ತಿಕೊಂಡಿದೆ. ಸ್ವೆಟರಿನ ತೋಳನ್ನು ಬೆರಳವರೆಗೂ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕುಳಿತವರು ಇಲ್ಲಿಯ ಹಿರಿಯ ಸಂಶೋಧಕಿ. ಬೆನ್ನ ಹಿಂದೆ ಎಲ್ಲರೂ ಕರೆಯುವುದು ಎಡಬಲ ಮೇಡಂ ಎಂದು. ತಮ್ಮ ಹಳೆಯ ಸಂಶೋಧನಾ ಲೇಖನವನ್ನು ಯಾರಾದರೂ ಹೊಸದಾಗಿ ಉಲ್ಲೇಖಿಸಿದ್ದಾರೆಯೇ ಎಂದು ನೋಡುವುದು ಅವರ ದಿನದ ಮೊದಲ ಕೆಲಸ. ಬೇರೆ ಸಂಶೋಧಕರೂ ನೋಡುತ್ತಾರೆ, ಸಂಖ್ಯೆ ಏರಿದರೆ ಮಿತ್ರರಿಗೆ ಕಾಫಿ ಕೊಡಿಸುತ್ತಾರೆ. ಇವರಿಗೆ ಸಂಖ್ಯೆ ಏರಿದರೆ ಎದೆ ಧಸಕ್ಕೆನ್ನುತ್ತದೆ.

ಲೇಖನದ ವಿಷಯ ನಮಗೆಲ್ಲ ಗೊತ್ತಿರುವ ಪಾಡೇ. ಎದುರಿಗಿರುವವರ ಮುಖ ಗೊತ್ತು, ಹೆಸರು ನಾಲಿಗೆ ತುದಿಯಲ್ಲೇ ಇದೆ, ಬಾಯಿಗೆ ಮಾತ್ರ ಬರುತ್ತಿಲ್ಲ. ಆಗ ಮಿದುಳಿನ ಯಾವ ಜಾಗ ಒದ್ದಾಡುತ್ತದೆ ಎಂದು ಮೇಡಂ ಹುಡುಕಿ ಬರೆದರು. ಬಲಭಾಗ ಎಂದರು. ಇದುವರೆಗೆ ನಾನೂರಕ್ಕೂ ಹೆಚ್ಚು ಲೇಖನಗಳು ಅದನ್ನು ಉಲ್ಲೇಖಿಸಿವೆ. ಕೆಲಸ ಕಾಯಂ ಆದದ್ದೂ ಆ ಲೆಕ್ಕದ ಮೇಲೆಯೇ. ಆದರೆ ಆ ಜಾಗ ಇರುವುದು ಎಡಭಾಗದಲ್ಲಿ.

ಮಿದುಳಿನ ಚಿತ್ರ ನೋಡುವುದಕ್ಕೆ ಎರಡು ರೂಢಿಗಳಿವೆ. ವೈದ್ಯರು ರೋಗಿಯ ಎದುರು ನಿಂತಂತೆ ನೋಡುತ್ತಾರೆ, ಸಂಶೋಧಕರು ಹಿಂದೆ ನಿಂತಂತೆ. ಒಂದರಿಂದ ಇನ್ನೊಂದಕ್ಕೆ ಬರಬೇಕಾದರೆ ಚಿತ್ರವನ್ನು ಎಡಬಲ ಮಗುಚಬೇಕು. ಹೊಸ ಸಾಫ್ಟ್‌ವೇರ್ ತಾನಾಗಿಯೇ ಮಗುಚಿತ್ತು, ಅದು ಗೊತ್ತಿಲ್ಲದೆ ಇವರೂ ಮಗುಚಿದರು. ಎಡ ಹೋಗಿ ಬಲವಾಯಿತು.

ತಪ್ಪು ಸಿಕ್ಕಿದ್ದು ಚಿಕ್ಕಪ್ಪನ ತಲೆಯಿಂದ. ಪರೀಕ್ಷೆಗೆ ಜನ ಸಾಲದೆ ಮನೆಮಂದಿಯನ್ನೆಲ್ಲ ಎಳೆತಂದು ಯಂತ್ರದೊಳಗೆ ಮಲಗಿಸಿದ್ದರು. ಚಿಕ್ಕಪ್ಪನ ಮಿದುಳಿನ ಎಡಗಡೆ ಹುಟ್ಟಿನಿಂದಲೇ ಒಂದು ನಿರುಪದ್ರವಿ ನೀರುಗುಳ್ಳೆಯಿದೆ. ಲೇಖನ ಅಚ್ಚಾಗಿ ವರ್ಷಗಳು ಕಳೆದ ಮೇಲೆ ಹಳೆಯ ಚಿತ್ರಗಳನ್ನು ತೆರೆದರೆ ಗುಳ್ಳೆ ಬಲಕ್ಕಿತ್ತು! "ತಕ್ಷಣ ಚಿಕ್ಕಪ್ಪಂಗೆ ಫೋನ್ ಮಾಡಿ, ಗುಳ್ಳೆ ಯಾವ ಕಡೆ ಅಂದೆ. ನಿನ್ನ ಹತ್ರಾನೇ ಫೋಟೋ ಇದೆಯಲ್ಲೇ, ನನ್ನೇನು ಕೇಳ್ತೀಯ ಅಂದ್ರು" ಎನ್ನುತ್ತಾರೆ ಮೇಡಂ.

ಅಂದಿನಿಂದ ಯಂತ್ರದೊಳಗೆ ಹೋಗುವ ಪ್ರತಿಯೊಬ್ಬರ ಬಲಗೆನ್ನೆಯ ಮೇಲೆ, ಕಿವಿಯ ಹತ್ತಿರ, ಒಂದು ಮೀನೆಣ್ಣೆ ಮಾತ್ರೆಯನ್ನು ಅಂಟಿಸುತ್ತಾರೆ. ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುವ ಕಡೆ ಬಲ. ತಿದ್ದುಪಡಿಯನ್ನೂ ಜರ್ನಲ್‌ನಲ್ಲಿ ಹಾಕಿಸಿದರು. ಅದನ್ನು ಉಲ್ಲೇಖಿಸಿದವರು ಮೂವರು. ತಪ್ಪು ಲೇಖನ ಮಾತ್ರ ಮೊದಲಿನಂತೆಯೇ ಓಡಾಡಿಕೊಂಡಿದೆ. ಹಾಗಾಗಿ ದಿನಾ ಬೆಳಗ್ಗೆ ಹೊಸದಾಗಿ ಉಲ್ಲೇಖಿಸಿದವರಿಗೆಲ್ಲ ಮೇಲ್ ಬರೆಯುತ್ತಾರೆ: ದಯವಿಟ್ಟು ತಿದ್ದುಪಡಿ ಓದಿ. ಉತ್ತರ ಬರುವುದು ಅಪರೂಪ.

ಇಂದು ತೆರೆಯ ಮೇಲೆ ಬಂದಿರುವುದು ಬರೀ ಸಂಶೋಧನೆಯಲ್ಲ, ಚಿಕಿತ್ಸೆ. ದೂರದ ಆಸ್ಪತ್ರೆಯೊಂದು ಪಾರ್ಶ್ವವಾಯುವಿನಿಂದ ಮಾತು ತೊದಲುವವರ ತಲೆಗೆ ಹೊರಗಿನಿಂದ ಅಯಸ್ಕಾಂತದ ಮಿಡಿತ ಕೊಡಲಿದೆ. ಎಲ್ಲಿಗೆ? ಮೇಡಂ ಹೇಳಿದ ಬಲಭಾಗಕ್ಕೆ. ಸಂಬಂಧವಿಲ್ಲದ ಜಾಗಕ್ಕೆ ಮಿಡಿತ ಕೊಟ್ಟರೆ ಉಳಿದಿರುವ ಮಾತೂ ಕೆಡಬಹುದೆಂಬ ಭಯ ಅವರಿಗೆ. ಮೇಲ್‌ ಕಳಿಸಿ ಕಾಯುವಷ್ಟು ಹೊತ್ತಿಲ್ಲ. ಫೋನೆಂದರೆ ಮಾರುದೂರ ಹೋಗುವ ಹೆಂಗಸು ಫೋನ್ ಎತ್ತಿಕೊಳ್ಳುತ್ತಾರೆ.

ಆಪರೇಟರ್ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸಾಗಹಾಕುತ್ತಾನೆ. ಕೊನೆಗೆ ಚಿಕಿತ್ಸೆಯ ಹೊಣೆ ಹೊತ್ತ ಡಾಕ್ಟರ್ ಸಿಗುತ್ತಾರೆ. ತಿದ್ದುಪಡಿ ನೋಡಿಲ್ಲ ಎಂದು ಒಪ್ಪುತ್ತಾರೆ, ಅಲ್ಲೇ ತೆರೆದು ಓದುತ್ತಾರೆ, ಎಲ್ಲವನ್ನೂ ಈಗಲೇ ನಿಲ್ಲಿಸುತ್ತೇವೆ ಎನ್ನುತ್ತಾರೆ. ಮೇಡಂ ಉಸಿರು ಬಿಡುವಷ್ಟರಲ್ಲಿ ಡಾಕ್ಟರ್ ದನಿ ತಗ್ಗುತ್ತದೆ.

"ಒಬ್ಬರಿಗೆ ಆಗ್ಲೇ ಶುರು ಮಾಡಿದ್ವಿ, ಮೇಡಂ."

ಮೇಡಂ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಆ ಒಬ್ಬರು ಯಾರು, ವಯಸ್ಸೆಷ್ಟು ಎಂದು ಕೇಳುವುದಿಲ್ಲ. "ಅವರು ಮಾತಾಡ್ತಾರಾ?" ಎಂದಷ್ಟೇ ಕೇಳುತ್ತಾರೆ.

ಮೊದಲು ಎಷ್ಟು ಆಡುತ್ತಿದ್ದರೋ ಅಷ್ಟು ಆಡುತ್ತಿದ್ದಾರೆ ಅನ್ನಿಸುತ್ತದೆ, ಇಲ್ಲೇ ಪಕ್ಕದ ಕೋಣೆಯಲ್ಲಿದ್ದಾರೆ, ನೀವೇ ಕೇಳಿ ಎನ್ನುತ್ತಾರೆ ಡಾಕ್ಟರ್. ಬಾಗಿಲ ಸದ್ದು, ಹೆಜ್ಜೆಯ ಸದ್ದು, ಆಮೇಲೆ ಫೋನ್ ಕೈ ಬದಲಾದ ಸದ್ದು. ಒಂದು ಮುದಿ ಹೆಣ್ಣುದನಿ ಒಂದೊಂದೇ ಪದವನ್ನು ಹೆಕ್ಕಿ ಹೆಕ್ಕಿ ಹೊರಗೆ ತರುತ್ತದೆ.

"ನೀವು... ಯಾರು?"

ಲೇಖನಗಳ ಕೊನೆಯಲ್ಲಿ ನಾನೂರು ಕಡೆ ಹೆಸರಿರುವ ಮೇಡಂ ಹೆಸರು ಹೇಳುವುದಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.

"ತಪ್ಪು ಬರೆದವಳು, ಅಮ್ಮಾ. ನೀವು ಇನ್ನೊಂದ್ನಾಕು ಮಾತಾಡಿ, ನಾನು ಕೇಳ್ತಾ ಇರ್ತೀನಿ."