ಮೊಹರಿನ ಕೆಳಗಿನ ಕುಂಕುಮ

ಅಗ್ರಹಾರದ ನಮ್ಮ ಹಳೆಯ ಮನೆಯಲ್ಲಿ ದಸರಾ ಗೊಂಬೆ ಕೂರಿಸುವಾಗ ಎಲ್ಲಕ್ಕಿಂತ ಮೊದಲು ಗೋಡೆಗೆ ಏರುತ್ತಿದ್ದದ್ದು ಒಂದು ಜಪಾನಿ ಚಿತ್ರ. ಮರದ ಕೋಲಿಗೆ ಸುತ್ತಿಟ್ಟ ಉದ್ದನೆಯ ಸುರುಳಿ. ವರ್ಷವಿಡೀ ಅದು ಟ್ರಂಕಿನಲ್ಲಿ, ಪಟ್ಟದ ಗೊಂಬೆಗಳ ಪಕ್ಕದಲ್ಲಿ, ಹಳೆಯ ಪಂಚೆಯೊಳಗೆ ಮಲಗಿರುತ್ತಿತ್ತು. ಪಾಡ್ಯದ ಬೆಳಿಗ್ಗೆ ಅಮ್ಮ ಅದನ್ನು ಮೊಳೆಗೆ ನೇತುಹಾಕಿ ಬಿಚ್ಚಿದರೆ, ಬಜೆಯ ವಾಸನೆಯ ಜೊತೆಗೆ ಒಂದು ಬೆಟ್ಟ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಮೊದಲು ಶಿಖರ, ಆಮೇಲೆ ಮಂಜು, ಆಮೇಲೆ ಏನೂ ಇಲ್ಲದ ಬರೀ ಕಾಗದ, ಕಟ್ಟಕಡೆಗೆ ಒಂದು ದೋಣಿ, ಅದರಲ್ಲಿ ಬೆನ್ನು ಬಾಗಿಸಿ ಕೂತ ಒಬ್ಬ ಮನುಷ್ಯ. ಎಲ್ಲವೂ ಮಸಿಯಲ್ಲೇ. ಎಡಗಡೆ ಎರಡು ಸಾಲು ಬರಹ, ಅದರ ಕೆಳಗೆ ಉಗುರಿನಷ್ಟಗಲದ ಒಂದು ಕೆಂಪು ಗುರುತು.

ನನ್ನ ಮುತ್ತಾತ ಅರಮನೆಯ ಅತಿಥಿಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಗುಮಾಸ್ತರು. ಜಪಾನಿನಿಂದ ಬಂದ ಅತಿಥಿಯೊಬ್ಬರು ಜ್ವರ ಬಂದು ಮಲಗಿದಾಗ ಮನೆಯಿಂದ ಗಂಜಿ ಮಾಡಿಸಿಕೊಂಡು ಹೋಗಿ ಕುಡಿಸಿದರಂತೆ. ಹೊರಡುವಾಗ ಅವರು ಈ ಚಿತ್ರ ಕೊಟ್ಟುಹೋದರಂತೆ. ಇಷ್ಟು ನಿಜವಿರಬಹುದು. ಆದರೆ ಅಮ್ಮನ ಪ್ರಕಾರ ಬರೆದವರೂ ಅವರೇ, ಬರೆದದ್ದೂ ನಮ್ಮ ಚಾಮುಂಡಿ ಬೆಟ್ಟವನ್ನೇ.

"ನಮ್ ಬೆಟ್ಟದ ಬುಡದಲ್ಲಿ ದೋಣಿ ಎಲ್ಲಮ್ಮಾ ಬಂತು?" ಎಂದು ನಾನು ಕೆಣಕುತ್ತಿದ್ದೆ.

"ಆಗ ಇತ್ತೇನೋ ಕಣೆ. ನೀನ್ ಹೋಗಿ ನೋಡಿದ್ಯಾ?"

ಮಧ್ಯಾಹ್ನ ಊಟವಾದ ಮೇಲೆ ಗೊಂಬೆಗಳ ಮುಂದೆ ತಣ್ಣನೆಯ ನೆಲದ ಮೇಲೆ ಮಲಗಿ ಆ ಚಿತ್ರ ನೋಡುವುದೇ ನನ್ನ ದಸರಾ ರಜೆ. ಕಿಟಕಿಯ ಬಿಸಿಲು ಸರಿದ ಹಾಗೆ ಮಂಜೂ ಸರಿಯುತ್ತಿತ್ತು. ಕಣ್ಣು ಅರ್ಧ ಮುಚ್ಚಿದರೆ ದೋಣಿ ಅಲ್ಲಾಡುತ್ತಿತ್ತು, ಆಣೆ ಮಾಡಿ ಹೇಳುತ್ತೇನೆ. ಮುಂದಿನ ದಸರೆಗೆ ಆ ಮುದುಕ ದಡ ಸೇರಿರುತ್ತಾನೆ ಅಂದುಕೊಂಡು ನಿದ್ದೆ ಹೋಗುತ್ತಿದ್ದೆ. ಮುಂದಿನ ದಸರೆಗೂ ಪಾಪ, ಅಲ್ಲೇ ಕೂತಿರುತ್ತಿದ್ದ. ಅಡಿಗೆಮನೆಯಿಂದ ಕಡಲೆಬೇಳೆ ಉಸಲಿಯ ಒಗ್ಗರಣೆ ಚಟಪಟ ಅಂದಾಗಲೇ ನಾನು ಆ ನೀರಿನಿಂದ ಈಚೆಗೆ ಬರುತ್ತಿದ್ದದ್ದು.

ಮನೆಯ ಗೋಡೆಯ ಮೇಲೆ ಒಂದು ಪಟ ಇದೆ ಅಂದಮೇಲೆ ಅದಕ್ಕೆ ಕುಂಕುಮ ಇಡದೆ ಇರುತ್ತಾರೆಯೇ? ಮೂಲೆಯ ಆ ಕೆಂಪು ಗುರುತನ್ನು ನೋಡಿ, ಜಪಾನಿನವರೂ ಕುಂಕುಮ ಇಟ್ಟೇ ಕೊಟ್ಟಿದ್ದಾರೆ ಎಂದು ನಮ್ಮ ಮನೆಯ ಹೆಂಗಸರು ತೀರ್ಮಾನಿಸಿದ್ದರು. ಹಾಗಾಗಿ ಪ್ರತಿ ದಸರೆಗೂ ಅದರ ಕೆಳಗೆ ಗಂಧದಲ್ಲಿ ಕಲಸಿದ ತಮ್ಮದೊಂದು ಬೊಟ್ಟು. ಅಜ್ಜಿ ಇಟ್ಟಳು, ಅಜ್ಜಿ ಕಾಲವಾದ ಮೇಲೆ ಅಮ್ಮ ಇಟ್ಟಳು. ಅಪ್ಪ ಹೋದ ಮೇಲೆ ತನ್ನ ಹಣೆಗೆ ಇಟ್ಟುಕೊಳ್ಳುವುದನ್ನು ಬಿಟ್ಟಳು, ಚಿತ್ರಕ್ಕೆ ಇಡುವುದನ್ನು ಬಿಡಲಿಲ್ಲ. ಗುರುತಿನ ಕೆಳಗೆ ಬೊಟ್ಟುಗಳು ಒಂದರ ಮೇಲೊಂದು ಕೂತು ಒಂದು ಪುಟ್ಟ ಕೆಂಪು ಕಾಲುದಾರಿಯೇ ಆಗಿತ್ತು.

ಆ ಕೆಂಪು ಗುರುತು ಮೊಹರು ಎಂದು ನನಗೆ ಗೊತ್ತಾದದ್ದು ಈಚೆಗೆ, ಮೊಬೈಲಿನಲ್ಲಿ ಓದಿ. ಅದು ಕಲಾವಿದ ತನ್ನ ಹೆಸರಿಗೆ ಒತ್ತುವ ಮುದ್ರೆಯಂತೆ. ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿದವಳು ನಾನು, ಹೊಸದೊಂದು ತಿಳಿದರೆ ಸುಮ್ಮನಿರುವ ಜಾತಿಯಲ್ಲ. ಅದೇ ವರ್ಷದ ದಸರೆಯಲ್ಲಿ ಆರತಿಗೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಅಮ್ಮನಿಗೆ ಆಗಲೇ ಕೈನಡುಕ. ಗಂಧ ತೇಯಲಾಗದೆ ಬರೀ ಕುಂಕುಮವನ್ನೇ ಬೆರಳಿಗೆ ತೆಗೆದುಕೊಂಡು ಚಿತ್ರದ ಹತ್ತಿರ ಹೋದಳು. ಬೆರಳು ಮೂಲೆ ತಪ್ಪಿ, ದೋಣಿಯ ಮೇಲ್ಗಡೆ ಏನೂ ಇಲ್ಲದ ಬರೀ ಕಾಗದಕ್ಕೆ ಹೋಗಿ ತಗುಲಿತು.

"ಅಯ್ಯೋ! ಏನಮ್ಮಾ ಮಾಡ್ಬುಟ್ಟೆ! ಅಷ್ಟು ಹಳೇ ಚಿತ್ರಾನ ಹಾಳ್ಮಾಡ್ಬುಟ್ಯಲ್ಲ! ಅದು ಕುಂಕುಮ ಅಲ್ಲ ಅಂತ ಎಷ್ಟು ಸಲ ಬಡ್ಕೊಳ್ಲಿ ನಿಂಗೆ?" ಎಂದು ಎಲ್ಲರ ಎದುರಿಗೆ ಕೂಗಿಬಿಟ್ಟೆ.

ಅಮ್ಮ ಗಾಬರಿಯಾಗಿ ಸೆರಗಿನ ತುದಿಯಿಂದ ಒರೆಸಲು ಹೋದಳು. ಬೊಟ್ಟು ಬಾಲ ಎಳೆದುಕೊಂಡು ಹರಡಿತು. "ನಂಗೇನ್ ಗೊತ್ತಾಗುತ್ತೆ ಕಣೆ" ಎಂದಷ್ಟೇ ಹೇಳಿ ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮುಂದಿನ ದಸರೆಗೆ ಅವಳಿರಲಿಲ್ಲ. ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅಂದುಕೊಳ್ಳುತ್ತಲೇ ನಾನು ಒಂದು ವರ್ಷ ಕಳೆದಿದ್ದೆ, ಮೂದೇವಿ.

ಅಗ್ರಹಾರದ ಮನೆ ಖಾಲಿ ಮಾಡಿ ಟ್ರಂಕನ್ನು ಊರಂಚಿನ ಹೂಟಗಳ್ಳಿಯ ನನ್ನ ಮನೆಗೆ ತಂದಾಗ ನೋಡಿದರೆ ಸುರುಳಿಯ ಅಂಚನ್ನು ಹುಳು ತಿಂದಿತ್ತು. ಹಳೆಯ ಓಲೆಗರಿ, ಕಾಗದಗಳನ್ನು ಸರಿಮಾಡಿಕೊಡುವ ಒಬ್ಬ ಹೆಂಗಸಿದ್ದಾರೆಂದು ಕೇಳಿ ಅವರ ಮನೆಗೆ ಒಯ್ದೆ. ಅವರು ಚಿತ್ರವನ್ನು ಮೇಜಿನ ಮೇಲೆ ಹರಡಿದರು. ಬರಹದ ಫೋಟೋ ತೆಗೆದು ಜಪಾನಿನಲ್ಲಿದ್ದ ಪರಿಚಯದವರಿಗೆ ಕಳಿಸಿದರು. ಒಂದು ವಾರದ ಮೇಲೆ ನನ್ನನ್ನು ಕರೆದರು.

"ನಿಮ್ಮ ಮುತ್ತಾತನ ಕಾಲಕ್ಕಿಂತ ಚಿತ್ರ ಇನ್ನೂ ತುಂಬಾ ಹಳೇದು ಕಣ್ರೀ. ಬರೆದವರು ಮೈಸೂರು ನೋಡಿರೋಕೆ ಸಾಧ್ಯ ಇಲ್ಲ. ಮೊಹರಲ್ಲಿರೋ ಹೆಸರು ಯಾರೂ ಕೇಳಿಲ್ಲ. 'ಬೆಳಗಿನ ಮಂಜು, ಎಂಬತ್ತೊಂದರ ಮುದುಕ ಬರೆದದ್ದು' ಅಂತ ಇದೆಯಂತೆ, ಅಷ್ಟೇ."

ಆಮೇಲೆ ಭೂತಗನ್ನಡಿ ಕೊಟ್ಟು ದೋಣಿಯನ್ನು ತೋರಿಸಿದರು. ಅಷ್ಟು ವರ್ಷ ಅಲ್ಲಾಡುತ್ತಿದೆ ಅಂದುಕೊಂಡಿದ್ದೆನಲ್ಲ, ಆ ದೋಣಿಯ ಗೆರೆ ನೆಟ್ಟಗಿರಲೇ ಇಲ್ಲ.

"ಕೈ ನಡುಗಿದೆ ನೋಡಿ. ಈ ಕಾಗದದ ಮೇಲೆ ಮಸಿ ಬಿದ್ರೆ ಮುಗೀತು, ಅಳಿಸೋಕಾಗಲ್ಲ. ಹಂಗೇ ಬಿಟ್ಟು ಮೊಹರು ಒತ್ತಿದ್ದಾರೆ."

ನಾನು ಕನ್ನಡಿಯನ್ನು ಕಣ್ಣಿಂದ ತೆಗೆಯಲಿಲ್ಲ. ಅವರು ಮುಂದುವರಿಸಿದರು. "ಮೊಹರಿನ ಕೆಳಗಿನ ಬೊಟ್ಟುಗಳು ಗಂಧದಲ್ಲಿ ಕಲಸಿದ್ದು, ಒಳಗೆ ಇಳಿದುಬಿಟ್ಟಿವೆ. ಪೂರ್ತಿ ಹೋಗಲ್ಲ. ಈ ಮೇಲ್ಗಡೆ ಇರೋದು ಬರೀ ಪುಡಿ. ಒಂದ್ಸಲ ಬ್ರಷ್ ಆಡಿಸಿದ್ರೆ ಹೊರಟೋಗುತ್ತೆ." ಹೇಳುತ್ತಲೇ ಮೆತ್ತನೆಯ ಬ್ರಷ್ಷು ಎತ್ತಿಕೊಂಡರು.

ನಾನು ಅವರ ಮುಂಗೈ ಹಿಡಿದುಕೊಂಡುಬಿಟ್ಟೆ. "ಬೇಡಿ. ಅದೊಂದನ್ನ ಮುಟ್ಬೇಡಿ. ಅದು ಉದುರದ ಹಾಗೆ ಏನಾದ್ರೂ ಮಾಡಕ್ಕಾಗುತ್ತಾ?"

"ಕಲೆ ತೆಗೀರಿ ಅಂತ ಬರ್ತಾರೆ. ಉಳಿಸಿಕೊಡಿ ಅಂದವರು ನೀವೇ ಮೊದಲು" ಎಂದರು. ಅಪರಿಚಿತರ ಮನೆಯಲ್ಲಿ ಕೂತು ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತೆ. ಅವರು ಒಂದು ಲೋಟ ನೀರು ತಂದಿಟ್ಟು, ಆಗುತ್ತೆ ಬಿಡಿ, ಮಾಡಿಕೊಡ್ತೀನಿ ಅಂದರು.

ಈ ಸಲದ ದಸರೆಗೆ ಹೂಟಗಳ್ಳಿಯ ಮನೆಯಲ್ಲೇ ಗೊಂಬೆ ಕೂರಿಸಿದೆ. ಬೆಳಿಗ್ಗೆ ತಾರಸಿಗೆ ಹೋದರೆ ದೂರದಲ್ಲಿ ಚಾಮುಂಡಿ ಬೆಟ್ಟ ಮಂಜಿನೊಳಗೆ ಅರ್ಧ ಕರಗಿ ನಿಂತಿತ್ತು. ಬುಡದಲ್ಲಿ ಬೆಳ್ಳಗೆ ಹರಡಿದ್ದನ್ನು ನೀರು ಅಂದರೂ ನಂಬಬಹುದಿತ್ತು. ಕೆಳಗೆ ಬಂದು ಸುರುಳಿ ಬಿಚ್ಚಿದೆ. ಶಿಖರ ಇಳಿಯಿತು, ಮಂಜು ಇಳಿಯಿತು, ಬರೀ ಕಾಗದದಲ್ಲಿ ಅಮ್ಮನ ಬೊಟ್ಟು ಬಾಲ ಎಳೆದುಕೊಂಡು ಹಾಗೇ ಇತ್ತು. ಅದರ ಕೆಳಗೆ ಮುದುಕ ಕೂತಿದ್ದ.

ಸಂಜೆ ಆರತಿಗೆ ಅಕ್ಕಪಕ್ಕದವರೆಲ್ಲ ಬಂದರು. ಎದುರು ಮನೆಯಾಕೆ ಚಿತ್ರದ ಹತ್ತಿರ ಹೋಗಿ, "ಅಯ್ಯೋ, ಇಷ್ಟ್ ಚೆನ್ನಾಗಿರೋದಕ್ಕೆ ಯಾರ್ರೀ ಹಿಂಗ್ ಬಳಿದಿದ್ದು?" ಎಂದರು.

ಎಲ್ಲರಿಗೂ ಕೇಳುವ ಹಾಗೆ, ಅಂದಿನಷ್ಟೇ ಜೋರು ದನಿಯಲ್ಲಿ ಹೇಳಿದೆ: "ನಮ್ಮಮ್ಮ ಕಣ್ರೀ. ಸರಿಯಾದ ಜಾಗಕ್ಕೇ ಇಟ್ಟಿದ್ದಾಳೆ."