ಕರಿಗೊಂಡೆ ಜೋಳದ ಬಾಟಲಿ

ಕಥೆ ಕಟ್ಟಲು ನನಗೆ ಬರುವುದಿಲ್ಲ. ದಿನವಿಡೀ ಬೀಜಗಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುವವಳು ನಾನು. ಇಲ್ಲದ್ದನ್ನು ಇದೆ ಎಂದು ಬರೆದರೆ ನನ್ನ ಕೆಲಸವೇ ಕೆಟ್ಟಂತೆ. ಹಾಗಾಗಿ ಆ ರಾತ್ರಿ ಕಂಡದ್ದನ್ನು, ಕೇಳಿದ್ದನ್ನು ಅಷ್ಟೇ ಹೇಳುತ್ತೇನೆ.

ಹುನಗುಂದದ ಹೊರಗೆ ನಮ್ಮ ಬೀಜ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳ ಹಳೆಯ ತಳಿಗಳನ್ನು ಗಾಜಿನ ಬಾಟಲಿಗಳಲ್ಲಿ ತುಂಬಿ, ಸೀಲು ಮಾಡಿ, ತಣ್ಣನೆಯ ಕೋಣೆಯಲ್ಲಿ ಇಡುತ್ತೇವೆ. ಯಾವ ತಳಿ, ಯಾರ ಹೊಲದ್ದು, ಅದರ ಫೋಟೋ, ಕೊಟ್ಟವರ ಧ್ವನಿ... ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿಡುವುದು ನನ್ನ ಹೊಣೆ.

ಅಲ್ಲಿ ಚೊಳಚಗುಡ್ಡದ ಯಮನವ್ವಜ್ಜಿ ಕೊಟ್ಟ ಕರಿಗೊಂಡೆ ಜೋಳವೂ ಇತ್ತು. ಅದನ್ನು ಬೆಳೆಯುತ್ತಿದ್ದವಳು ಅವಳೊಬ್ಬಳೇ.

"ನನ್ನ ಕೈಲೆ ಇನ್ನ ಆಗೂದಿಲ್ಲವ್ವಾ. ನೀನ ಜ್ವಾಕಿ ಮಾಡು," ಎಂದು ಸೆರಗಿನಿಂದ ಸುರಿದುಕೊಟ್ಟಿದ್ದಳು. ಕೆಲವು ತಿಂಗಳಲ್ಲಿ ತೀರಿಕೊಂಡಳು. ಬೇರೆ ಕಡೆ ಪಾಲು ಇಡುವಷ್ಟು ಕಾಳು ಇರಲಿಲ್ಲ. ಇದ್ದದ್ದು ಆ ಒಂದೇ ಬಾಟಲಿ.

ಕಳೆದ ಚಳಿಗಾಲದಲ್ಲಿ ಕೋಣೆಯ ತಂಪು ಯಂತ್ರ ಕೆಟ್ಟಿತು. ಇಳಕಲ್ಲಿನಿಂದ ಬಂದ ಮೆಕ್ಯಾನಿಕ್ ಸರಿಮಾಡಿ, "ಇವತ್ತೊಂದ ರಾತ್ರಿ ಯಾರರೆ ನೋಡ್ಕೊಂಡಿರ್ರಿ," ಎಂದು ಹೋದ. ನಾನೂ ಕಾವಲುಗಾರ ಮಾಳಪ್ಪಣ್ಣನೂ ಉಳಿದೆವು. ಒಳಗಿನ ತಾಪ, ತೇವಾಂಶ ಎರಡೂ ನನ್ನ ಪರದೆಯ ಮೇಲೆ ಕಾಣುತ್ತಿದ್ದವು.

ನಡುರಾತ್ರಿ ದಾಟಿತ್ತು. ತಾಪ ಸರಿಯಿತ್ತು... ತೇವಾಂಶ ಮಾತ್ರ ಮೆಲ್ಲಗೆ ಏರತೊಡಗಿತು. ನಾವು ಒಳಗೆ ನಿಂತು ಕೆಲಸ ಮಾಡುವಾಗ ನಮ್ಮ ಉಸಿರಿಗೆ ಅದು ಹಾಗೆಯೇ ಏರುತ್ತದೆ. ಆದರೆ ಕೋಣೆಗೆ ಬೀಗ ಹಾಕಿತ್ತು. ಕೀಲಿ ನನ್ನ ಬಳಿಯೇ ಇತ್ತು.

ಆಗ ಕೇಳಿಸಿತು.

ಸರ್... ಸರ್... ಟಪ್.

ಮಾಳಪ್ಪಣ್ಣ ಕಂಬಳಿ ಸರಿಸಿ ಎದ್ದು ಕೂತ. "ಅಕ್ಕಾರ... ಒಳಗ ಯಾರೋ ಜ್ವಾಳ ಕೇರಾಕತ್ತಾರ್ರಿ."

"ಇಲಿ ಇರಬೇಕ ಬಿಡ್ರಿ."

"ಇಲಿ ಮೊರ ಬಡೀತೈತೇನ್ರಿ?"

ನಾನು ಬಾಗಿಲ ಹತ್ತಿರ ಹೋದೆ. ಸಂದಿಯಿಂದ ವಾಸನೆ ಬರುತ್ತಿತ್ತು... ಬಿಸಿಲಿಗೆ ಒಣಗಿದ ತೆನೆಯದು, ಹೊಟ್ಟಿನ ಧೂಳಿನದು. ಗಂಟಲು ಕೆರೆಯಿತು. ಆ ಕೋಣೆಗೆ ಎಂದೂ ಯಾವ ವಾಸನೆಯೂ ಇದ್ದದ್ದಿಲ್ಲ.

ಕೀಲಿ ತಿರುಗಿಸಿದೆ. ಸಪ್ಪಳ ನಿಂತಿತು.

ದೀಪ ಹಾಕಿದರೆ ಯಾರೂ ಇಲ್ಲ. ನೆಲ ಸ್ವಚ್ಛ. ಬಾಟಲಿಗಳು ಸಾಲಾಗಿ ಇದ್ದಲ್ಲೇ ಇದ್ದವು. ಒಂದರ ಮೇಲೆ ಮಾತ್ರ ಮಂಜಿನಂಥ ಹನಿ ಕಟ್ಟಿತ್ತು. ಅಜ್ಜಿಯದು.

ಎತ್ತಿದೆ. ಬಾಟಲಿ ತುಂಬಿದಂತೆ ಕಂಡರೂ ಕೈಗೆ ಭಾರವೇ ಹತ್ತಲಿಲ್ಲ. ಸೀಲು ಹಾಗೆಯೇ ಇತ್ತು. ಅದನ್ನು ಒಡೆದು ಒಂದು ಕಾಳನ್ನು ಬೆರಳಲ್ಲಿ ಒತ್ತಿದೆ. ಪುಡಿಯಾಯಿತು. ಬರೀ ಸಿಪ್ಪೆ... ಒಳಗೆ ಏನೂ ಇಲ್ಲ. ಇನ್ನೊಂದು, ಮತ್ತೊಂದು. ಎಲ್ಲವೂ ಹಾಗೆಯೇ. ಹುಳ ಕೊರೆದ ತೂತು ಒಂದರಲ್ಲೂ ಇರಲಿಲ್ಲ.

ಮಾಳಪ್ಪಣ್ಣ ಹೊಸ್ತಿಲ ಆಚೆಯೇ ನಿಂತಿದ್ದ. "ಒಯ್ದಾಳ್ರಿ ಅಕಿ," ಎಂದ ಪಿಸುದನಿಯಲ್ಲಿ. "ತನ್ನ ಜ್ವಾಳ ತಾ ಒಯ್ದಾಳ."

"ಹುಳ ಹತ್ತಿರಬೇಕು, ಬಿಡ್ರಿ," ಎಂದು ನಮ್ಮ ಮುಖ್ಯಸ್ಥರು ಬೆಳಿಗ್ಗೆ ಫೋನಿನಲ್ಲೇ ಮಾತು ಮುಗಿಸಿದರು. ನಾನು ಬಸ್ಸು ಹಿಡಿದು ಬಾದಾಮಿಗೆ, ಅಲ್ಲಿಂದ ಚೊಳಚಗುಡ್ಡಕ್ಕೆ ಹೋದೆ. ಅಜ್ಜಿಯ ಸೊಸೆ ಅಂಗಳದಲ್ಲಿದ್ದಳು.

"ಕರಿಗೊಂಡಿ ಒಂದ ಮುಷ್ಟಿನೂ ಉಳದಿಲ್ಲೇನ್ರಿ?" ಎಂದು ಕೇಳಿದೆ.

"ಎಲ್ಲಿದ್ರಿ ಅಕ್ಕಾರ! ಹೊಲಕ್ಕೆಲ್ಲಾ ಮೆಕ್ಕೆಜ್ವಾಳ ಹಾಕೀವಿ." ಮತ್ತೆ ಅಂದಳು, "ಅತ್ತಿ ಸಾಯೂ ತನಕ ಒಂದ ಮಾತ ಕೇಳತಿದ್ಲು ನೋಡ್ರಿ. ಆ ಹುಡುಗಿ ಬಿತ್ತಿದಳಂತೇನು? ಅಂತ."

ನಾವು ಅದನ್ನು ಬಿತ್ತಲೆಂದು ಇಟ್ಟಿರಲಿಲ್ಲ... ಕಾಪಾಡಲೆಂದು ಇಟ್ಟಿದ್ದೆವು.

ಕಂಪ್ಯೂಟರಿನಲ್ಲಿ ಕರಿಗೊಂಡೆಯ ಫೋಟೋ ಇದೆ, ಹೊಲದ ನಕ್ಷೆ ಇದೆ, ಅಜ್ಜಿಯ ಧ್ವನಿ ಇದೆ. ಕೊನೆಯ ಕಾಲಮ್ಮಿನಲ್ಲಿ "ಬೀಜ ಇಲ್ಲ" ಎಂದು ನಾನೇ ಟೈಪು ಮಾಡಿದೆ. ಮಾಳಪ್ಪಣ್ಣ ಆ ವಾರವೇ ಕೆಲಸ ಬಿಟ್ಟ.

ನಾನು ಬಿಟ್ಟಿಲ್ಲ. ಈಗ ಯಾವ ಬಾಟಲಿ ಮುಟ್ಟಿದರೂ ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡುತ್ತೇನೆ. ಈಚೆಗೆ ಇನ್ನೂ ಎರಡು ಹಗುರಾದಂತೆ ಅನ್ನಿಸಿದೆ... ಒಂದು ನವಣೆ, ಒಂದು ಕುಸುಬೆ. ಕೊಟ್ಟವರಿಬ್ಬರೂ ಈಗ ಇಲ್ಲ.

ಸೀಲು ಒಡೆದು ನೋಡುವ ಧೈರ್ಯ ಇನ್ನೂ ಬಂದಿಲ್ಲ.